ಚಾಳೀಸಿನ ಸಾಹೇಬರು ಕೂತ ಪರೀಕ್ಷೆ

“ಅಕ್ಕೋರ, ನಿಮಗ ಚಾಳೀಸ ಬ್ಯಾಡ. ನಿದ್ದಿ ಕಡಿಮಿ ಆಗೇತಿ. ಮನಿಗೆ ಹೋಗಿ ಮಲ್ಕೋರಿ.”

ಅವರು ನನಗೆ ಹೇಳಿದ ಮೊದಲ ಮಾತು ಇದು. ರೋಣದ ಹೈಸ್ಕೂಲಿಗೆ ಇಂಗ್ಲಿಷ್ ಕಲಿಸಲು ಆಗತಾನೇ ವರ್ಗವಾಗಿ ಬಂದಿದ್ದೆ. ಉತ್ತರ ಪತ್ರಿಕೆ ತಿದ್ದಿ ತಿದ್ದಿ ತಲೆನೋವು ಶುರುವಾಗಿ, ಕನ್ನಡಕ ಮಾಡಿಸಿಬಿಡೋಣ ಎಂದು ಅವರ ಅಂಗಡಿಗೆ ಹೋಗಿದ್ದೆ. ನನಗೊಪ್ಪುವ ಕಂದು ಬಣ್ಣದ ಫ್ರೇಮೊಂದನ್ನು ಆರಿಸಿ ಕೈಯಲ್ಲೇ ಹಿಡಿದುಕೊಂಡಿದ್ದೆ. ಅವರು ಅದನ್ನು ತೆಗೆದುಕೊಂಡು, ಒರೆಸಿ, ಮೊದಲಿದ್ದ ಜಾಗದಲ್ಲೇ ಇಟ್ಟು, “ನಾಳಿಂದ ಬ್ಯಾನಿ ನಿಲ್ಲತೈತಿ” ಎಂದು ಮುಂದಿನವರನ್ನು ಕರೆದರು. ಎಂಥ ಒರಟು ಮನುಷ್ಯ ಎಂದುಕೊಂಡು ಮನೆಗೆ ಬಂದು ಮಲಗಿದೆ. ತಲೆನೋವು ನಿಂತಿತು.

ನಮ್ಮ ಕಡೆ ಕನ್ನಡಕಕ್ಕೆ ಚಾಳೀಸು ಎನ್ನುತ್ತಾರೆ. ಹಾಗಾಗಿ ಊರಿಗೆಲ್ಲ ಅವರು ಚಾಳೀಸಿನ ಸಾಹೇಬರು. ಆ ಹೆಸರಿನ ಅರ್ಥವನ್ನು ಅವರೇ ಹೇಳಿದ್ದರು: “ಚಾಳೀಸ ಅಂದ್ರ ಉರ್ದುದಾಗ ನಲವತ್ತು. ನಲವತ್ತಕ್ಕ ಬರೂದಕ್ಕನ ಆ ಹೆಸರು. ನಿಮಗ ಈಗ ಎಷ್ಟು?” ಮೂವತ್ನಾಲ್ಕು ಎಂದಿದ್ದೆ. ಅದಾಗಿ ಆರು ವರ್ಷದ ಮೇಲೆ ಒಂದು ಸಂಜೆ ಶಾಲೆಯ ಗೇಟಿನಲ್ಲಿ ನಿಂತಿದ್ದರು. ನನ್ನ ಜೊತೆಯ ಶಿಕ್ಷಕರೆಲ್ಲ ಹೊರಗೆ ಬರುತ್ತಿದ್ದಾಗ, ಎಲ್ಲರಿಗೂ ಕೇಳುವಂತೆ, “ಅಕ್ಕೋರ, ನಿಮಗ ನಲವತ್ತಾತು. ಈಗ ಬರ್ರಿ” ಎಂದರು. ನನ್ನ ವಯಸ್ಸು ಇಡೀ ಸ್ಟಾಫ್‌ರೂಮಿಗೆ ತಿಳಿದದ್ದು ಹಾಗೆ. ಸಿಟ್ಟು ಬಂದರೂ ಮರುದಿನ ಹೋದೆ. ಈಗ ಇದನ್ನು ಬರೆಯುವಾಗ ಮೂಗಿನ ಮೇಲಿರುವುದು ಅವರ ಕೈಯಿಂದಲೇ ಬಂದದ್ದು.

ಈ ಚಳಿಗಾಲದಲ್ಲಿ ಅವರು ತೀರಿಕೊಂಡರು. ಅಂಗಡಿಯಲ್ಲಿ ಕೂತಲ್ಲೇ, ಮಧ್ಯಾಹ್ನದ ನಮಾಜು ಮುಗಿಸಿ ಬಂದ ಸ್ವಲ್ಪ ಹೊತ್ತಿಗೆ.

ಅವರನ್ನು ತಿಳಿಯದವರು ಬಿಗುಮಾನದ ಮನುಷ್ಯ ಎನ್ನುತ್ತಿದ್ದರು. ತಿಳಿದವರು ನಗುತ್ತಿದ್ದರು. ದಾರಿಯಲ್ಲಿ ಸಿಕ್ಕಾಗ ಯಾರಾದರೂ “ಆರಾಮೇನ್ರಿ ಸಾಹೇಬ್ರ?” ಎಂದರೆ ಸೈಕಲ್ ನಿಲ್ಲಿಸಿ, ಕಾಲೂರಿ, ಮೊಣಕಾಲಿನ ನೋವು, ಹೊಟ್ಟೆಯ ಉಬ್ಬರ, ಎಲ್ಲವನ್ನೂ ಇದ್ದದ್ದು ಇದ್ದಂತೆ ಹೇಳುತ್ತಿದ್ದರು. ಕೇಳಿದವರು ತಿರುಗಿ ಹೋಗಲು ದಾರಿ ಹುಡುಕಬೇಕು. ಪ್ರತಿದಿನ ಒಂದೇ ಹೊತ್ತಿಗೆ ಊಟ, ಒಂದೇ ಊಟ: ಎರಡು ಜೋಳದ ರೊಟ್ಟಿ, ಬದನೆಕಾಯಿ ಪಲ್ಯ. ಮದುವೆಗೆ ಹೋದರೆ ನಿಕಾಹ್ ಆಗುವವರೆಗೆ ಇದ್ದು, ಎಲ್ಲರೂ ಊಟಕ್ಕೆ ಕೂರುವಾಗ ಹೊರಗೆ ಬಂದು ಚಪ್ಪಲಿಗಳ ಹತ್ತಿರ ನಿಂತುಬಿಡುತ್ತಿದ್ದರು. ನಮ್ಮ ಸ್ಟಾಫ್‌ರೂಮಿಗೆ ಒಮ್ಮೆ ಬಂದವರು ಎರಡೇ ನಿಮಿಷಕ್ಕೆ ಎದ್ದು, “ಆ ಟ್ಯೂಬ್‌ಲೈಟ ಒದರಾಕತ್ತೇತಿ” ಎಂದು ಹೊರಗೆ ಹೋದರು. ನಮಗೆ ಯಾರಿಗೂ ಏನೂ ಕೇಳಿಸಿರಲಿಲ್ಲ. ಒಂದು ವಾರದಲ್ಲಿ ಅದು ಸುಟ್ಟುಹೋಯಿತು.

ವಾರಕ್ಕೊಂದು ದಿನ ನರಗುಂದಕ್ಕೆ, ಇನ್ನೊಂದು ದಿನ ಗಜೇಂದ್ರಗಡಕ್ಕೆ ಗಾಜುಗಳ ಪೆಟ್ಟಿಗೆ ಹಿಡಿದುಕೊಂಡು ಹೋಗುತ್ತಿದ್ದರು. ಅಲ್ಲಿ ಪರಿಚಯದ ಔಷಧದಂಗಡಿಯ ಕಟ್ಟೆಯೇ ಅವರ ದವಾಖಾನೆ. ಸವಡಿಯ, ರಾಜೂರದ ಮುದುಕಿಯರು ಅವರ ಮುಂದೆ ಸಾಲಾಗಿ ಕೂರುವುದನ್ನು ಎಷ್ಟೋ ಸಲ ನೋಡಿದ್ದೇನೆ. ಅವರು ಯಾರನ್ನೂ “ಕಾಣತೈತೇನ್ರಿ?” ಎಂದು ಕೇಳುತ್ತಿರಲಿಲ್ಲ. “ಓದ್ರಿ” ಎನ್ನುತ್ತಿದ್ದರು. ಓದು ಬಾರದವರಿಗೆ ಸೂಜಿ, ದಾರ ಕೊಟ್ಟು “ಪೋಣಸ್ರಿ” ಎನ್ನುತ್ತಿದ್ದರು. ಯಾಕೆ ಹಾಗೆ ಎಂದು ಕೇಳಿದ್ದಕ್ಕೆ, “ಕಾಣತೈತೇನು ಅಂದ್ರ ಎಲ್ಲಾರೂ ಹೌದು ಅಂತಾರ. ಅವರೇನ ಸುಳ್ಳ ಹೇಳಂಗಿಲ್ಲ. ಕಂಡಷ್ಟನ್ನ ಕಾಣೂದು ಅನಕೊಂಡಿರ್ತಾರ” ಎಂದಿದ್ದರು.

ಅವರಿಗೆ ಒಬ್ಬಳೇ ಮಗಳು, ಶಬಾನಾ. ನನ್ನ ವಿದ್ಯಾರ್ಥಿನಿ. ಅವಳನ್ನು ಗಜೇಂದ್ರಗಡದ ಬಟ್ಟೆ ವ್ಯಾಪಾರಿಗಳ ಮನೆಗೆ ಕೊಟ್ಟಿದ್ದರು. ಅವಳ ಮಗಳು ನೂರಿ. ನಾಲ್ಕು ವರ್ಷ ತುಂಬಿದರೂ ಆ ಹುಡುಗಿಗೆ ಮಾತು ಬರಲಿಲ್ಲ. ಹೆಸರು ಹಿಡಿದು ಕರೆದರೆ ತಿರುಗುತ್ತಿರಲಿಲ್ಲ. ಕುಕ್ಕರ್ ಸೀಟಿ ಹೊಡೆದರೆ ಕಿವಿ ಮುಚ್ಚಿಕೊಂಡು ಗೋಡೆಗೆ ಒರಗಿ ಚೀರುತ್ತಿದ್ದಳು. ಹುಬ್ಬಳ್ಳಿಯ ಮಕ್ಕಳ ಡಾಕ್ಟರು ನೋಡಿ, ಮಗುವಿಗೆ ಆಟಿಸಂ ಇದೆ, ತರಬೇತಿ ಕೊಡಿಸಬೇಕು ಎಂದರು.

ಅಲ್ಲಿಂದ ಶಬಾನಾಳ ಕಷ್ಟ ಶುರುವಾಯಿತು. ಅವಳು ಮಗುವಿನ ಕೈಗೆ ಮೊಬೈಲ್ ಕೊಟ್ಟು ಕೆಡಿಸಿದಳು, ಬಸುರಿಯಿದ್ದಾಗ ಹೇಳಿದ ಮಾತು ಕೇಳಲಿಲ್ಲ, ನಮ್ಮ ಮನೆತನದಲ್ಲಿ ಇಂಥದ್ದು ಇಲ್ಲವೇ ಇಲ್ಲ ಎಂದು ಅತ್ತೆ ಬಂದವರ ಮುಂದೆಲ್ಲ ಹೇಳತೊಡಗಿದರು. ಗಂಡ ಕೆಟ್ಟವನಲ್ಲ, ಆದರೆ ತಾಯಿಯೆದುರು ಬಾಯಿ ಇಲ್ಲ. ಕೊನೆಗೆ “ಸ್ವಲ್ಪ ದಿವಸ ತವರಾಗ ಇದ್ದ ಬಾ” ಎಂದು ತಾಯಿ ಮಗಳಿಬ್ಬರನ್ನೂ ರೋಣಕ್ಕೆ ಕಳಿಸಿದರು. ಎರಡು ತಿಂಗಳಾದರೂ ಕರೆಯಲು ಯಾರೂ ಬರಲಿಲ್ಲ.

ಹುಬ್ಬಳ್ಳಿಯ ಡಾಕ್ಟರು ಒಂದು ಮಾತು ಕೇಳಿದ್ದರಂತೆ: ಮನೆತನದಲ್ಲಿ ಹೀಗಿದ್ದವರು ಬೇರೆ ಯಾರಾದರೂ ಇದ್ದಾರೆಯೇ? ಶಬಾನಾ ಇಲ್ಲ ಎಂದಿದ್ದಳು. ಹಿಂದೆ ನಿಂತಿದ್ದ ಸಾಹೇಬರು ಆ ಮಾತನ್ನು ತಲೆಯಲ್ಲಿಟ್ಟುಕೊಂಡು ಬಂದಿದ್ದರು. ಒಂದು ರವಿವಾರ ಮಧ್ಯಾಹ್ನ ಮಗಳ ಮೊಬೈಲ್ ಹಿಡಿದುಕೊಂಡು ನಮ್ಮ ಮನೆಗೆ ಬಂದರು.

“ಅಕ್ಕೋರ, ದೊಡ್ಡವರಿಗೂ ಆಟಿಸಂ ಐತೋ ಇಲ್ಲೋ ಅಂತ ತಿಳಿಯೂ ಪರೀಕ್ಷಾ ಇದರಾಗ ಐತಂತ. ಎಲ್ಲಾ ಇಂಗ್ಲೀಷಿನ್ಯಾಗ ಐತಿ. ನೀವು ಓದಿ ಹೇಳ್ರಿ, ನಾ ಉತ್ತರಾ ಹೇಳ್ತೀನಿ.”

“ನಿಮಗ್ಯಾಕ್ರಿ ಈಗ ಅದು?”

“ನನ್ನ ಕಡಿಂದ ಬಂದದ್ದು ಅಂತ ಆದ್ರ ಶಬಾನಾನ ಬೈಯೂದು ಬಿಡ್ತಾರ.”

ಅಷ್ಟು ನೇರವಾಗಿ ಹೇಳಿದರು. ನಡೆಯಿರಿ, ನಿಮ್ಮ ಮನೆಯಲ್ಲೇ ಕೂತು ಮಾಡೋಣ ಎಂದೆ.

ಮೂವತ್ತರ ಮೇಲೆ ವಾಕ್ಯಗಳಿದ್ದವು. ಪ್ರತಿಯೊಂದಕ್ಕೂ ಪೂರ್ತಿ ಒಪ್ಪುತ್ತೇನೆ, ಸ್ವಲ್ಪ ಒಪ್ಪುತ್ತೇನೆ, ಒಪ್ಪುವುದಿಲ್ಲ ಎಂದು ಒತ್ತಬೇಕು. ಮೊದಲನೆಯದಕ್ಕೇ ತಡೆದು ನಿಂತೆವು. “ಸ್ವಲ್ಪ ಅಂದ್ರ ಎಷ್ಟು?” ಎಂದು ಕೇಳಿದರು. ಹೇಗೋ ಮುಂದೆ ಸಾಗಿದೆವು.

“ಹೊಸಬರ ಕೂಡ ಮಾತಾಡೂದು ನನಗ ಸುಲಭ” ಎಂದು ಓದಿದೆ.

“ಭಾಳ ಸುಲಭ. ದಿನಾ ಇಪ್ಪತ್ತ ಮಂದಿ ಕೂಡ ಮಾತಾಡ್ತೀನಿ.”

ಮಾತಾಡುತ್ತಿದ್ದರು, ನಿಜ. ಆದರೆ ಆ ಇಪ್ಪತ್ತು ಮಂದಿಗೂ ಆಡುತ್ತಿದ್ದದ್ದು ಅದೇ ಹತ್ತು ವಾಕ್ಯ. ನಾನು ಸುಮ್ಮನೆ ಒತ್ತಿದೆ.

“ಗದ್ದಲದಿಂದ ನನಗ ತ್ರಾಸ ಆಗತೈತಿ.”

“ಇಲ್ಲ. ಗದ್ದಲ ಇದ್ದಲ್ಲಿ ನಾ ಹೋಗಂಗೇ ಇಲ್ಲಲ್ಲ.”

“ದಿನದ ರೂಢಿ ತಪ್ಪಿದ್ರ ನನಗ ಸಮಾಧಾನ ಇರಂಗಿಲ್ಲ.”

“ನಂದು ತಪ್ಪಿದ್ದೇ ಇಲ್ಲ. ತಪ್ಪಿದ್ರ ಹ್ಯಾಂಗಾಗತೈತಿ ಅಂತ ಹ್ಯಾಂಗ ಹೇಳ್ಲಿ? ಇಲ್ಲ ಅಂತ ಹಾಕ್ರಿ.”

“ಮಂದಿ ಆಡೂ ಮಾತಿನ ಹಿಂದಿನ ಅರ್ಥ ನನಗ ತಿಳೀತೈತಿ.”

“ತಿಳೀತೈತಿ. ತಿಳೀಲಾರದ್ದು ಏನಾರ ಇದ್ದಿದ್ರ ನನಗ ಗೊತ್ತಾಗತಿತ್ತಲ್ಲ?”

ಕೊನೆಗೆ ಹಸಿರು ಅಕ್ಷರದಲ್ಲಿ ಫಲಿತಾಂಶ ಬಂತು: ನಿಮ್ಮಲ್ಲಿ ಆಟಿಸಂ ಇರುವ ಸಂಭವ ಕಡಿಮೆ. ಓದಿ ಹೇಳಿದೆ. ಅವರ ಮೋರೆ ಬಾಡಿತು. “ಫೇಲ್ ಆದ್ನೇನ್ರಿ?” ಎಂದರು.

ಚಹಾ ತಂದು ಅಷ್ಟೂ ಹೊತ್ತು ಬಾಗಿಲ ಬದಿಯಲ್ಲಿ ನಿಂತು ಕೇಳುತ್ತಿದ್ದ ಅವರ ಹೆಂಡತಿ ನಗು ತಡೆಯಲಾರದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. “ಅಕ್ಕೋರ, ಅವರನ್ನೇನ ಕೇಳ್ತೀರಿ? ನನಗ ಕೇಳ್ರಿ. ನಲವತ್ತ ವರ್ಷಾತು ನಾ ನೋಡಾಕತ್ತು.” ಸರಿ, ಅವರನ್ನು ಕೂರಿಸಿ, ಅದೇ ವಾಕ್ಯಗಳನ್ನು ಗಂಡನ ಬಗ್ಗೆ ಎಂಬಂತೆ ಕೇಳಿದೆ. ಗದ್ದಲದ ಪ್ರಶ್ನೆ ಬಂದಾಗ, “ನನ್ನ ತಂಗಿ ಮದವ್ಯಾಗ ಬ್ಯಾಂಡ ಶುರು ಆಗಿದ್ದಕ್ಕ ಗದಗತನಕ ನಡಕೊಂತ ಹೊಂಟಿದ್ರು, ಹಾದಿಯೊಳಗ ಹಿಡಕೊಂಡ ಬಂದೀವಿ” ಎಂದರು. ಈ ಸಲ ಫಲಿತಾಂಶ ಕೆಂಪು ಅಕ್ಷರದಲ್ಲಿ ಬಂತು: ಸಂಭವ ಹೆಚ್ಚು, ತಜ್ಞರನ್ನು ಕಾಣಿರಿ.

ಮನುಷ್ಯ ಒಬ್ಬನೇ, ಪ್ರಶ್ನೆಗಳೂ ಅವೇ, ಅರ್ಧ ತಾಸಿನೊಳಗೆ ಎರಡು ಉತ್ತರ. ನನಗೂ ಕುತೂಹಲ ಹುಟ್ಟಿತು. ಮನೆಗೆ ಬಂದವಳು ಪತ್ರಿಕೆ ತಿದ್ದಿ ಸುಸ್ತಾಗಿದ್ದಾಗ ನನಗಾಗಿಯೇ ಒಂದು ಸಲ ಒತ್ತಿ ನೋಡಿದೆ. ಯಾರ ಮುಖವೂ ಬೇಡ, ಯಾವ ಸದ್ದೂ ಬೇಡ ಎನ್ನಿಸಿದ್ದ ಹೊತ್ತು ಅದು. ಅಂಕ, ತಜ್ಞರನ್ನು ಕಾಣಿರಿ ಎನ್ನುವ ಗೆರೆಯನ್ನು ದಾಟಿ ಮೇಲೆ ಹೋಯಿತು. ಹೆದರಿಕೆಯಾಯಿತು. ರಜೆಯಲ್ಲಿ ತವರಿಗೆ ಹೋದಾಗ ಮತ್ತೆ ಒತ್ತಿದರೆ ಗೆರೆಯ ಎಷ್ಟೋ ಕೆಳಗೆ ಬಂತು. ಈ ಸಂಗತಿಯನ್ನು ಯಾರಿಗೂ ಹೇಳಿರಲಿಲ್ಲ, ಇವತ್ತೇ ಬರೆಯುತ್ತಿದ್ದೇನೆ.

ಮರುವಾರ ಸಾಹೇಬರು ಇನ್ನೊಂದು ಕೇಳಿದರು. “ಅಕ್ಕೋರ, ಹೆಚ್ಚು ಬರೂ ಹಂಗ ನಾವ ಒತ್ತಬಹುದೇನು?”

ಯಾಕಾಗದು ಎಂದೆ. ಅವರ ಕಣ್ಣೆದುರಿಗೇ ಬೇಕೆಂದಂತೆ ಒತ್ತುತ್ತಾ ಹೋದೆ. ಎರಡು ನಿಮಿಷವೂ ಹಿಡಿಯಲಿಲ್ಲ, ಅಂಕ ತುದಿಗೆ ಮುಟ್ಟಿತು. ಇದನ್ನೇ ಪ್ರಿಂಟ್ ತೆಗೆಸಿ ಗಜೇಂದ್ರಗಡಕ್ಕೆ ಒಯ್ಯೋಣ, ಅಲ್ಲಿ ಯಾರಿಗೆ ತಿಳಿಯುತ್ತದೆ ಎಂದು ಹೇಳಿದವಳು ನಾನೇ. ಶಬಾನಾಳ ಮುಖ ನೋಡಿ ನನಗೆ ಹಾಗನ್ನಿಸಿತ್ತು. ಸಾಹೇಬರು ಮೊಬೈಲನ್ನು ಬಹಳ ಹೊತ್ತು ನೋಡಿ, ಮೇಜಿನ ಮೇಲೆ ಬೋರಲಾಗಿ ಇಟ್ಟರು.

“ಬ್ಯಾಡ್ರಿ. ನಂಬರ್ ತಪ್ಪಿದ ಚಾಳೀಸ ಇದು. ಹಾಕ್ಕೊಂಡಾವರು ಬೀಳ್ತಾರ.” ಆಮೇಲೆ ಒಂದು ಸಂಗತಿ ಹೇಳಿದರು. “ಲಕ್ಕಲಕಟ್ಟಿ ರೈತರೊಬ್ಬರು ಹೆಂಡತಿಗೆ ಚಾಳೀಸ ಮಾಡ್ಸಾಕ ಬಂದಿದ್ರು. ನಿಮ್ಮವೂ ನೋಡ್ಲೇನು ಅಂದೆ. ನಂಗೆಲ್ಲಾ ಚಲೋ ಕಾಣತಾವ ಅಂದ್ರು. ಗಾಜ ಹಾಕಿದ ಮ್ಯಾಲೆ ಹೊರಗ ಹೋಗಿ ನಿಂತ್ರು, ಒಳಗ ಬರಲೇ ಇಲ್ಲ. ಬಸ್ಸಿನ ಬೋರ್ಡ ಹತ್ರ ಬಂದ ಮ್ಯಾಲೇ ಎಲ್ಲಾರಿಗೂ ಕಾಣತೈತಿ ಅಂತ ಐವತ್ತ ವರ್ಷ ತಿಳಕೊಂಡಿದ್ರಂತ. ಈ ಮೊಬೈಲಿನ ಹಂಗ ಅವರನ್ನ ಕೇಳೇ ಕಣ್ಣ ಪರೀಕ್ಷಾ ಮಾಡಿದ್ರ ಪಾಸ್ ಆಗತಿದ್ರು. ನನಗ ಖರೇ ಪರೀಕ್ಷಾ ಬೇಕು. ಯಾರು ಮಾಡ್ತಾರ?”

ಹೀಗೆ ನಾವು ಮೂವರು, ಅವರು, ಅವರ ಹೆಂಡತಿ, ನಾನು, ಧಾರವಾಡಕ್ಕೆ ಹೋದೆವು. ಅಲ್ಲಿನ ಮನೋವೈದ್ಯೆ ತಾಳ್ಮೆಯ ಹೆಂಗಸು. ಹಸಿರು ಫಲಿತಾಂಶ, ಕೆಂಪು ಫಲಿತಾಂಶ ಎರಡನ್ನೂ ನೋಡಿ ನಕ್ಕರು. ಯಾರು ಒಮ್ಮೆ ತೋರಿಸಿಕೊಂಡರೆ ಒಳ್ಳೆಯದು ಎಂದು ತಿಳಿಯುವುದಕ್ಕಷ್ಟೇ ಇವು, ಇದ್ದವರಿಗೂ ಕಡಿಮೆ ಬರಬಹುದು, ಬರೀ ಚಿಂತೆಯಲ್ಲಿ ಇರುವವರಿಗೂ ಹೆಚ್ಚು ಬರಬಹುದು ಎಂದರು. ಆಮೇಲೆ ಎರಡು ಭೇಟಿಗಳಲ್ಲಿ ತಾಸುಗಟ್ಟಲೆ ಕೂತು ಅವರನ್ನು ಮಾತಾಡಿಸಿದರು, ನೋಡಿದರು, ಹೆಂಡತಿಯನ್ನು ಬೇರೆ ಕರೆದು ಕೇಳಿದರು. ಚಿಕ್ಕಂದಿನದು ಬಲ್ಲವರು ಯಾರಿದ್ದಾರೆ ಎಂದು ವಿಚಾರಿಸಿ ಸವಡಿಯಲ್ಲಿದ್ದ ಅವರ ಅಕ್ಕನಿಗೆ ಫೋನ್ ಮಾಡಿದರು. ಎಂಬತ್ತರ ಹತ್ತಿರದ ಆ ಮುದುಕಿ ಫೋನಿನಲ್ಲಿ ಜೋರಾಗಿ ಹೇಳಿದ್ದು ನಮಗೆಲ್ಲ ಕೇಳಿಸಿತು: “ಐದ ವರ್ಷತನಕ ಒಂದ ಮಾತ ಆಡಿಲ್ರಿ ಅಂವಾ. ಮೂಕ ಅಂತನ ತಿಳಕೊಂಡಿದ್ವಿ. ಅಪ್ಪಾ ಹೆಗಲ ಮ್ಯಾಲೆ ಕುಂದರಿಸ್ಕೊಂಡು ದರ್ಗಾ ದರ್ಗಾ ತಿರುಗ್ಯಾರ.”

ಸಾಹೇಬರು ಇದನ್ನು ಮೊದಲ ಸಲ ಕೇಳುತ್ತಿದ್ದರು. ಅರವತ್ತಾರು ವರ್ಷ ಅವರಿಗೆ ಇದನ್ನು ಯಾರೂ ಹೇಳಿರಲಿಲ್ಲ.

ಹೌದು, ನಿಮಗೆ ಆಟಿಸಂ ಇದೆ ಎಂದು ಡಾಕ್ಟರು ಹೇಳಿದಾಗ ಅವರು ಮೊದಲು ಕೇಳಿದ್ದು, “ಕನ್ನಡದಾಗ ಬರದ ಕೊಡ್ತೀರೇನು?” ಎಂದು. ಡಾಕ್ಟರು ಒಂದು ಎಚ್ಚರಿಕೆಯ ಮಾತು ಹೇಳಿದರು. ಮನೆತನದಲ್ಲಿ ಇದು ಹರಿದು ಬರುವುದುಂಟು, ಆದರೆ ಮಗುವಿಗೆ ಇವರೊಬ್ಬರಿಂದಲೇ ಬಂತು ಎಂದು ಯಾರೂ ಹೇಳಲಾರರು, ಬಂದಿದ್ದರೂ ಅದು ಯಾರ ತಪ್ಪೂ ಅಲ್ಲ. “ತಪ್ಪಲ್ಲ ಅನ್ನೂದನ್ನೂ ಬರೀರಿ” ಎಂದರು ಸಾಹೇಬರು. ಡಾಕ್ಟರು ಬರೆದರು.

ಗಜೇಂದ್ರಗಡಕ್ಕೆ ನನ್ನನ್ನೂ ಕರೆದೊಯ್ದರು. ಓದಿದ್ದರಲ್ಲಿ ಯಾರಿಗಾದರೂ ಅನುಮಾನ ಬಂದರೆ ಹೇಳಲು ಮಾಸ್ತರಿಕೆಯವರು ಒಬ್ಬರು ಇರಲಿ ಎಂದು. ಅವರ ಹೆಂಡತಿಗೆ ಮೈ ಸರಿಯಿರಲಿಲ್ಲ. ಶಬಾನಾ, ನೂರಿ, ಸಾಹೇಬರು, ನಾನು ಹೋದೆವು. ಅಳಿಯ ಚಾಪೆ ಹಾಸಿದ. ಬೀಗಿತ್ತಿ, ಅಂದರೆ ಶಬಾನಾಳ ಅತ್ತೆ, ಮಂಚದ ಮೇಲೆ ಕೂತಿದ್ದರು. ಅವರು ಮನೆಯಲ್ಲಿ ಆಡುವುದು ಉರ್ದು. ನಾನಿದ್ದೇನೆಂದು ಎಲ್ಲರೂ ಕನ್ನಡಕ್ಕೆ ಹೊರಳಿದರು. ಸಾಹೇಬರು ಕೂರಲಿಲ್ಲ. ನಡುಮನೆಯಲ್ಲಿ ನಿಂತೇ ಕಾಗದ ಬಿಚ್ಚಿ ಮೊದಲಿಂದ ಕೊನೆಯವರೆಗೆ, ಡಾಕ್ಟರ ಸಹಿ, ತಾರೀಖು ಸಮೇತ ಓದಿದರು. ಮಡಚಿ ಕಿಸೆಗಿಟ್ಟುಕೊಂಡರು.

“ಶಬಾನಾದೇನೂ ತಪ್ಪಿಲ್ಲ. ನನ್ನ ಕಡಿಂದ ಬಂದಿರಬಹುದು. ಬೈಯೂದಿದ್ರ ನನ್ನ ಬೈರಿ. ನಾ ಇಲ್ಲೇ ನಿಂದರ್ತೀನಿ.”

ಹಾಗೆಂದು ನಿಜವಾಗಿಯೂ ನಿಂತರು, ಕೈ ಕಟ್ಟಿಕೊಂಡು, ಬೈಗುಳಕ್ಕೆ ಕಾಯುತ್ತ. ಎಷ್ಟೋ ಹೊತ್ತಿನ ಮೇಲೆ ಬೀಗಿತ್ತಿ ಎದ್ದು ಬಂದು, “ಕುಂದರ್ರಿ ಭಾಯಿಸಾಬ್” ಎಂದರು. ಅವರು ಕೂತ ಮೇಲೆ ತಾವೂ ನೆಲದ ಮೇಲೇ ಕೂತು ನಿಧಾನಕ್ಕೆ ಹೇಳಿದರು: “ನನ್ನ ಸಣ್ಣ ತಮ್ಮ ಒಬ್ಬಾಂವ ಇದ್ದ. ಹಗಲೆಲ್ಲಾ ಅಂಗಳದಾಗ ಸುತ್ತ ಹಾಕತಿದ್ದ. ಮಂದಿ ಬಂದ್ರ ಅವನ್ನ ಒಳಗಿನ ಖೋಲಿಯೊಳಗ ಕೂಡಿ ಹಾಕ್ತಿದ್ವಿ. ನನ್ನ ಮದವ್ಯಾಗೂ ಕೂಡಿ ಹಾಕಿದ್ವಿ. ಈ ಮನಿಯೊಳಗ ಅವನ ಸುದ್ದಿ ನಾ ಇವತ್ತಿಗೂ ಎತ್ತಿಲ್ಲ.” ಮಗ ತಾಯಿಯನ್ನು ಹೊಸಬರನ್ನು ನೋಡುವಂತೆ ನೋಡಿದ.

ಸಾಹೇಬರಿಗೆ ಇದು ದೊಡ್ಡ ತೊಡಕಾಯಿತು. “ಹಂಗಾದ್ರ ಇದರಾಗ ನನ್ನ ಪಾಲು ಎಷ್ಟು, ನಿಮ್ಮ ತಮ್ಮಂದು ಎಷ್ಟು?” ಎಂದು ಕೇಳಿದರು. ಶಬಾನಾ ಎಷ್ಟೋ ತಿಂಗಳ ಮೇಲೆ ಮೊದಲ ಸಲ ನಕ್ಕಳು.

ಆಮೇಲಿನದು ಇಲ್ಲೇ ಹೇಳಿಬಿಡುತ್ತೇನೆ. ಶಬಾನಾ ಅವತ್ತು ಗಂಡನ ಮನೆಯಲ್ಲೇ ಉಳಿದಳು. ನೂರಿಯನ್ನು ತರಬೇತಿಗೆ ಕರೆದೊಯ್ಯುವುದು ಈಗ ಅಜ್ಜಿಯ ಕೆಲಸ, ಬೇರೆ ಯಾರ ಮೇಲೂ ಅವರಿಗೆ ನಂಬಿಕೆಯಿಲ್ಲ. ಹುಡುಗಿ ಕನ್ನಡ ಶಾಲೆಗೆ ಹೋಗುತ್ತಾಳೆ, ಕಡಿಮೆ ಮಾತಾಡುತ್ತಾಳೆ, ಆಡಿದ್ದನ್ನು ಸ್ಪಷ್ಟವಾಗಿ ಆಡುತ್ತಾಳೆ. ಎಲ್ಲವೂ ಸರಿಹೋಯಿತೆಂದು ನಾನು ಹೇಳುವುದಿಲ್ಲ. ಅತ್ತೆಯ ನಾಲಿಗೆ ಇನ್ನೂ ಹರಿತವೇ ಇದೆ, ಮಾತು ಮಾತ್ರ ಬೇರೆ ವಿಷಯಗಳಿಗೆ ಹೊರಳಿದೆ.

ಆದರೆ ಸಾಹೇಬರು ಎಂದರೆ ನನಗೆ ನೆನಪಾಗುವುದು ಅವತ್ತು ನಾವಿಬ್ಬರೇ ರೋಣಕ್ಕೆ ವಾಪಸು ಬಂದ ಬಸ್ಸು. ಸಂಜೆಯ ಬಿಸಿಲು ಓರೆಯಾಗಿ ಒಳಗೆ ಬೀಳುತ್ತಿತ್ತು. ಗುಡ್ಡ ಹಿಂದೆ ಬಿದ್ದು, ಬಯಲು ಶುರುವಾದ ಮೇಲೆ ಅವರು ಕೇಳಿದರು:

“ಅಕ್ಕೋರ, ಅಲ್ಲಿ ಏನಾತು?”

ನನಗೆ ತಿಳಿಯಲಿಲ್ಲ. “ನೀವೂ ಅಲ್ಲೇ ಇದ್ರೆಲ್ರಿ ಸಾಹೇಬ್ರ.”

“ಇದ್ದೆ. ಮಾತೆಲ್ಲಾ ಕೇಳೀನಿ. ಮಂದಿ ಒಳಗ ಹ್ಯಾಂಗಿದ್ರು ಅನ್ನೂದು ಗೊತ್ತಾಗಲಿಲ್ಲ. ಬೀಗಿತ್ತಿ ಸಿಟ್ಟಿಗೆದ್ದಿದ್ರೋ, ಸಮಾಧಾನ ಆಗಿದ್ರೋ? ನಾ ಇದನ್ನ ಯಾರಿಗೂ ಎಂದೂ ಕೇಳಿದಾಂವ ಅಲ್ಲ. ತಿಳೀದಿದ್ರ ಕೇಳ್ರಿ, ನಾಚಬ್ಯಾಡ್ರಿ ಅಂದಾರ ಧಾರವಾಡದ ಡಾಕ್ಟರ್ ಬಾಯಾರು. ಅದಕ್ಕ ಕೇಳಾಕತ್ತೀನಿ.”

ನಾನು ಹೇಳತೊಡಗಿದೆ. ನೀವು ಓದುವಾಗ ಬೀಗಿತ್ತಿ ಮೊದಲು ಬೇರೆ ಕಡೆ ಮುಖ ತಿರುಗಿಸಿದ್ದರು. ಯಾರ ತಪ್ಪೂ ಅಲ್ಲ ಎಂದು ಓದಿದಾಗ ತಿರುಗಿ ನಿಮ್ಮನ್ನೇ ನೋಡಿದರು. ತಮ್ಮನ ಸುದ್ದಿ ಹೇಳುವಾಗ ಕಣ್ಣು ತುಂಬಿತ್ತು, ಅದು ಸಿಟ್ಟಲ್ಲ, ಎಷ್ಟೋ ವರ್ಷದ ದುಃಖ. ಅಳಿಯನಿಗೆ ನಾಚಿಕೆಯಾಗಿತ್ತು, ನಿಮ್ಮ ಮುಂದೆ ತಲೆ ಎತ್ತಲಿಲ್ಲ. ಅವರು ಒಂದೊಂದಕ್ಕೂ ತಲೆಯಾಡಿಸುತ್ತ ಕೇಳಿದರು.

“ಶಬಾನಾ?”

“ಬೈಯೂದಿದ್ರ ನನ್ನ ಬೈರಿ ಅಂತ ನೀವು ನಿಂತ್ರೆಲ್ಲ, ಅವಾಗ ಆಕಿ ಅಡಿಗಿಮನಿ ಬಾಗಿಲದಿಂದ ಎರಡ ಹೆಜ್ಜಿ ಮುಂದ ಬಂದ್ಲು. ನಿಮ್ಮ ಅಂಗಿ ತೋಳ ಹಿಡ್ಯಾಕ ಕೈ ಚಾಚಿದ್ಲು. ಅತ್ತಿ ಅದಾರ ಅಂತ ಮತ್ತ ಹಿಂದಕ್ಕ ತಗೊಂಡ್ಲು. ಅಲ್ಲೇ ನಿಂತು ನಿಮ್ಮನ್ನ ನೋಡಿದ್ಲು.”

“ಸಿಟ್ಟಿಲೇನು? ನಾ ಮಂದಿ ಮುಂದ ಹಂಗಂದೆ ಅಂತ?”

“ಇಲ್ರಿ. ನಿಮ್ಮ ಮ್ಯಾಲಿನ ಪ್ರೀತಿಲೆ.”

“ಖರೇನ?”

“ಖರೇನರಿ ಸಾಹೇಬ್ರ.”

ಅವರು ಕಿಟಕಿಯಾಚೆ ನೋಡುತ್ತ ಕೂತರು. ಒಂದು ಊರು ಬಂತು, ಜನ ಇಳಿದರು, ಹತ್ತಿದರು. ಬಸ್ಸು ಮತ್ತೆ ಹೊರಟ ಮೇಲೆ ನನ್ನ ಕಡೆ ತಿರುಗದೆಯೇ ಕೇಳಿದರು:

“ಶಬಾನಾ ಬಾಗಿಲದಿಂದ ಮುಂದ ಬಂದ್ಲು ಅಂದ್ರೆಲ್ಲ. ಅಲ್ಲಿಂದ ಇನ್ನೊಮ್ಮೆ ಹೇಳ್ರಿ.”

ನಾನು ಅಲ್ಲಿಂದ ಇನ್ನೊಮ್ಮೆ ಹೇಳಿದೆ.